ನಾಲ್ಕು ದಿನದ ಮುಂಬೈ: ಜಾಗ ಸರಿ, ವಾರ ತಪ್ಪು

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಜನವರಿಯಲ್ಲಿ ಮೊದಲ ಸಲ ಮುಂಬೈಗೆ ಬರುತ್ತಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಅಪ್ಪ, ಅವ್ವ, ಒಟ್ಟು ಐದು ಜನ. ಅವ್ವನಿಗೆ ಮೊಣಕಾಲು ನೋವು, ಅಪ್ಪ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ರೈಲು ಶನಿವಾರ ಬೆಳಿಗ್ಗೆ ದಾದರಿಗೆ ಬರುತ್ತದೆ, ಮಂಗಳವಾರ ರಾತ್ರಿ ದಾದರಿನಿಂದಲೇ ವಾಪಸ್. ಭಾನುವಾರ ಸಂಜೆ ಜುಹು, ಸೋಮವಾರ ಎಲಿಫೆಂಟಾ, ಮಂಗಳವಾರ ಸಿದ್ಧಿವಿನಾಯಕ ಮತ್ತು ಹಾಜಿ ಅಲಿ ಅಂತ ಇಟ್ಟುಕೊಂಡಿದ್ದೇವೆ. ಅಂಧೇರಿಯಲ್ಲಿ ಹೋಟೆಲ್ ಅಗ್ಗಕ್ಕೆ ಸಿಗುತ್ತಿದೆ, ಹಿಡಿಯಬಹುದಾ? ಲೋಕಲ್ ರೈಲು ಹತ್ತುವ ಧೈರ್ಯ ಮಾಡಬಹುದಾ? ಅಥವಾ ಸ್ವಂತ ಕಾರಲ್ಲೇ ಬರೋದು ಒಳ್ಳೆಯದಾ?

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಜಾಗಗಳೆಲ್ಲ ಸರಿ ಇವೆ. ಆದರೆ ಮೂರೂ ದಿನ ವಾರ ಮಾತ್ರ ಉಲ್ಟಾ ಬಿದ್ದಿದೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಸಿದ್ಧಿವಿನಾಯಕನಿಗೆ ಮಂಗಳವಾರ ಅಂದರೆ ಇಡೀ ಮುಂಬೈ ಸಾಲಿನಲ್ಲಿ ನಿಂತಿರುತ್ತದೆ. ಭಾನುವಾರ ಸಂಜೆಯ ಜುಹುವಿನಲ್ಲಿ ಮರಳು ಕಾಣುವುದಿಲ್ಲ, ತಲೆಗಳು ಮಾತ್ರ ಕಾಣುತ್ತವೆ. ಹೀಗೆ ಬರುವವರು ನೀವೊಬ್ಬರೇ ಅಲ್ಲ ಬಿಡಿ. ಪ್ರವಾಸದ ಕೆಲಸದಲ್ಲೇ ಇರುವ ನನಗೆ ಬರುವ ಪಟ್ಟಿಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಮ್ಯಾಪ್ ನೋಡಿ ಮಾಡಿದ ಪಟ್ಟಿ, ಯಾವುದು ಯಾವುದಕ್ಕೆ ಹತ್ತಿರ ಅಂತ ಅಳೆದು ಮಾಡಿದ್ದು. ಮುಂಬೈಯಲ್ಲಿ ಹತ್ತಿರ ದೂರ ಅನ್ನೋದು ಗಂಟೆಯ ಮೇಲೆ ನಿಂತಿದೆ. ಬೆಳಿಗ್ಗೆ ಹತ್ತಿರವಿದ್ದ ಜಾಗ ಸಂಜೆ ದೂರವಾಗಿರುತ್ತದೆ.

ಇದು ಅರ್ಥವಾಗಬೇಕಾದರೆ ಊರಿನ ಆಕಾರ ಸ್ವಲ್ಪ ಗೊತ್ತಿರಬೇಕು. ಮುಂಬೈ ಉದ್ದಕ್ಕೆ ಚಾಚಿದ ಊರು, ದಕ್ಷಿಣದಲ್ಲಿ ಸಮುದ್ರ, ಉತ್ತರಕ್ಕೆ ಹೋದಷ್ಟೂ ಮನೆಗಳು. ಹಳೆಯ ಆಫೀಸುಗಳು, ಕೋರ್ಟು, ಬ್ಯಾಂಕು, ಸರ್ಕಾರದ ಸಚಿವಾಲಯ ಎಲ್ಲ ದಕ್ಷಿಣದ ತುದಿಯಲ್ಲಿ. ಆದ್ದರಿಂದ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಊರು ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಉತ್ತರಕ್ಕೆ ವಾಪಸ್ ಹರಿಯುತ್ತದೆ. ಈಗ ಬಾಂದ್ರಾ, ಅಂಧೇರಿ ಕಡೆಯೂ ಆಫೀಸುಗಳು ಬಂದು ಈ ಲೆಕ್ಕ ಸ್ವಲ್ಪ ಕಲಸಿದೆ, ಆದರೂ ಮೂಲ ಲೆಕ್ಕ ಅದೇ. ಈ ಹರಿವಿನ ಎದುರು ಹೋದರೆ ಲೋಕಲ್‌ನಲ್ಲಿ ಕಿಟಕಿ ಸೀಟು ಕೂಡ ಸಿಗಬಹುದು. ಹರಿವಿನ ಜೊತೆ ಹೋದರೆ ನಿಮ್ಮ ಅವ್ವನವರಿಗೆ ಒಂದು ಕಾಲಿಡುವುದಕ್ಕೂ ಜಾಗ ಸಿಗಲ್ಲ.

ಹಾಗಾಗಿ ಮೊದಲು ಹೋಟೆಲ್ ವಿಚಾರ. ಅಂಧೇರಿ ಬೇಡ ಅಂತ ನಾನು ಎಲ್ಲರಿಗೂ ಹೇಳುವುದಿಲ್ಲ. ವಿಮಾನದಲ್ಲಿ ಬರುವವರಿಗೆ, ಅಂಧೇರಿ ಪೂರ್ವದಲ್ಲಿ ಮರೋಳ್ ನಾಕಾ ಹತ್ತಿರ ಉಳಿಯುವವರಿಗೆ ಈಗ ಅನುಕೂಲವಿದೆ, ಏಕೆಂದರೆ 2025ರ ಅಕ್ಟೋಬರ್‌ನಲ್ಲಿ ಮೆಟ್ರೋ 3ನೇ ಲೈನ್ ಪೂರ್ತಿ ಶುರುವಾಗಿ ಉತ್ತರದ ಆರೆಯಿಂದ ದಕ್ಷಿಣದ ಕಫ್ ಪರೇಡ್‌ವರೆಗೆ ನೆಲದಡಿಯಲ್ಲೇ ಹೋಗಬಹುದು. ಆದರೆ ನೀವು ಇಳಿಯುವುದು ದಾದರ್, ಹತ್ತುವುದೂ ದಾದರ್. ಐದು ಜನ ಬ್ಯಾಗು ಹೊತ್ತು ಅಂಧೇರಿಗೆ ಹೋಗಿ, ಮತ್ತೆ ದಿನಾ ದಕ್ಷಿಣಕ್ಕೆ ಬಂದು, ರಾತ್ರಿ ಜನರ ಜೊತೆಗೇ ಉತ್ತರಕ್ಕೆ ಮರಳುವುದು ಯಾಕೆ? ರೂಮಿನಲ್ಲಿ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ, ಜೊತೆಗೆ ಜೀವ ಹೈರಾಣ. ದಾದರ್, ಮಾಟುಂಗ, ಸಯನ್ ಈ ಭಾಗದಲ್ಲೇ ಹುಡುಕಿ. ರೂಮು ಚಿಕ್ಕದಿರುತ್ತದೆ, ಹುಬ್ಬಳ್ಳಿಯಲ್ಲಿ ಆ ದುಡ್ಡಿಗೆ ಹಾಲ್ ಸಮೇತ ಸಿಗುತ್ತಿತ್ತು ಅಂತ ಮನಸ್ಸಿಗೆ ಬರುತ್ತದೆ, ಬರಲಿ. ಲಿಫ್ಟ್ ಇದೆಯಾ ಅಂತ ಮಾತ್ರ ಫೋನ್ ಮಾಡಿ ಕೇಳಿಕೊಳ್ಳಿ. ಹಳೇ ಕಟ್ಟಡಗಳಲ್ಲಿ ಎರಡನೇ ಮಹಡಿಗೂ ಮರದ ಮೆಟ್ಟಿಲೇ ಗತಿ.

ಒಂದು ಎಚ್ಚರಿಕೆ. ವಿಳಾಸದಲ್ಲಿ ಈಸ್ಟ್ ಅಥವಾ ವೆಸ್ಟ್ ಅಂತ ಬರೆದಿದ್ದರೆ ಅದನ್ನು ಊರಿನ ಹೆಸರಿನಷ್ಟೇ ಗಟ್ಟಿಯಾಗಿ ನೆನಪಿಡಿ. ಹಳಿಯ ಆ ಕಡೆ, ಈ ಕಡೆ ಅಂತ ಅದರ ಅರ್ಥ. ದಾದರ್ ಈಸ್ಟ್‌ನ ಹೋಟೆಲ್‌ಗೆ ವೆಸ್ಟ್‌ನಲ್ಲಿ ಇಳಿದರೆ ಕಣ್ಣೆದುರೇ ಕಟ್ಟಡ ಕಾಣುತ್ತದೆ, ತಲುಪಲು ಮತ್ತೆ ಸೇತುವೆ ಹತ್ತಿ ಇಳಿಯಬೇಕು. ನಿಮ್ಮ ರೈಲು ಬಂದು ನಿಲ್ಲುವುದು ಸೆಂಟ್ರಲ್ ಕಡೆಯ ಪ್ಲಾಟ್‌ಫಾರ್ಮಿನಲ್ಲಿ, ಅಂದರೆ ಈಸ್ಟ್ ಪಕ್ಕ. ಇನ್ನೊಂದು ಗೊಂದಲವನ್ನೂ ಈಗಲೇ ಕಳೆದುಬಿಡೋಣ: ಮುಂಬೈ ಸೆಂಟ್ರಲ್ ಅನ್ನೋ ನಿಲ್ದಾಣ ಸೆಂಟ್ರಲ್ ಲೈನಿನಲ್ಲಿ ಇಲ್ಲ, ವೆಸ್ಟರ್ನ್ ಲೈನಿನಲ್ಲಿದೆ. ಮಾಟುಂಗ ಸೆಂಟ್ರಲ್ ಲೈನ್, ಮಾಟುಂಗ ರೋಡ್ ವೆಸ್ಟರ್ನ್ ಲೈನ್. ಎರಡೂ ಲೈನು ಒಟ್ಟಿಗೆ ಸಿಗುವ ಜಾಗ ದಾದರ್. ಅದಕ್ಕೇ ಅಲ್ಲಿ ಅಷ್ಟು ಜನ.

ಶನಿವಾರ ಬೆಳಿಗ್ಗೆ ಇಳಿದ ತಕ್ಷಣ ರೂಮು ಸಿಗುವುದು ಕಷ್ಟ, ಹೆಚ್ಚಿನ ಕಡೆ ಚೆಕ್ ಇನ್ ಮಧ್ಯಾಹ್ನಕ್ಕೆ. ಬ್ಯಾಗು ಹೋಟೆಲಿನಲ್ಲೇ ಇಟ್ಟು ಮುಖ ತೊಳೆದುಕೊಂಡು ದಾದರ್ ವೆಸ್ಟ್‌ನ ಹೂವಿನ ಮಾರ್ಕೆಟ್ ನೋಡಿಬನ್ನಿ. ಅದು ಬೆಳಗಿನ ಜಾವದ ವ್ಯವಹಾರ, ಬಿಸಿಲೇರುವ ಹೊತ್ತಿಗೆ ಕಳೆ ಇಳಿಯುತ್ತದೆ. ಸೇತುವೆ ಕೆಳಗೆ ಗೋಣಿಚೀಲದ ಮೇಲೆ ಚೆಂಡುಹೂವಿನ ಗುಡ್ಡೆ, ನೆಲವೆಲ್ಲ ಒದ್ದೆ, ತಲೆ ಮೇಲೆ ಬುಟ್ಟಿ ಹೊತ್ತವನು ಕೂಗುತ್ತಾ ಬಂದರೆ ನೀವೇ ಪಕ್ಕಕ್ಕೆ ಸರಿಯಬೇಕು, ಅವನು ನಿಲ್ಲುವುದಿಲ್ಲ. ಜಾರುತ್ತದೆ, ಹಾಗಾಗಿ ಅವ್ವನವರನ್ನು ಒಳಗೆ ಕರೆದುಕೊಂಡು ಹೋಗಬೇಡಿ. ಅಪ್ಪ ಅವ್ವ ವಿಶ್ರಾಂತಿ ತಗೊಳ್ಳಲಿ.

ಮಧ್ಯಾಹ್ನ ಊಟ, ನಿದ್ದೆ ಆದ ಮೇಲೆ ಲೋಕಲ್‌ನ ಮೊದಲ ಪಾಠ. ಲೋಕಲ್ ಹತ್ತಬಹುದಾ ಅಂತ ಕೇಳಿದ್ದೀರಿ. ಹತ್ತಲೇಬೇಕು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಇಲ್ಲಿನ ಬೋರಿಬಂದರಿನಿಂದ ಠಾಣೆಗೆ, ಇವತ್ತಿಗೂ ಈ ಊರು ನಿಂತಿರುವುದು ಹಳಿಯ ಮೇಲೆಯೇ. ಆದರೆ ಹತ್ತುವ ಹೊತ್ತನ್ನು ನೀವು ಆರಿಸಿಕೊಳ್ಳಿ. ಶನಿವಾರ ಮೂರು ಗಂಟೆಗೆ ದಾದರಿನಿಂದ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಕಡೆಯ ಸ್ಲೋ ಗಾಡಿ ಹಿಡಿದು ಭಾಯಖಳಾದಲ್ಲಿ (ಇಂಗ್ಲಿಷಿನಲ್ಲಿ ಬೈಕುಲಾ) ಇಳಿಯಿರಿ. ಸೆಕೆಂಡ್ ಕ್ಲಾಸಿಗೆ ತಲಾ ಐದು ರೂಪಾಯಿ. ಮೂರು ದಿನದ, ಐದು ದಿನದ ಟೂರಿಸ್ಟ್ ಪಾಸು ಇದೆ, ಆದರೆ ನಿಮ್ಮ ಓಡಾಟಕ್ಕೆ ಅದು ಸುಮ್ನೆ ಖರ್ಚು. ಕೌಂಟರಿನ ಸಾಲು ಉದ್ದ ಇದ್ದರೆ ಪಕ್ಕದಲ್ಲೇ ಟಿಕೆಟ್ ಮಷಿನ್ ಇರುತ್ತದೆ. ಅಲ್ಲಿ ಒಬ್ಬರು ನಿಂತು ಎಲ್ಲರಿಗೂ ಟಿಕೆಟ್ ತೆಗೆದುಕೊಡುತ್ತಿದ್ದರೆ ಅನುಮಾನ ಬೇಡ, ರೈಲ್ವೆಯೇ ಅದಕ್ಕೆ ಜನರನ್ನು ಇಟ್ಟಿದೆ.

ಈಗ ಹತ್ತುವ ಕ್ರಮ. ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಇಂಡಿಕೇಟರ್‌ನಲ್ಲಿ ಗಾಡಿ ಹೋಗುವ ಊರು, ಟೈಮು, ಪಕ್ಕದಲ್ಲಿ ಎಫ್ ಅಥವಾ ಎಸ್ ಅಂತ ಇರುತ್ತದೆ. ಎಫ್ ಅಂದರೆ ಫಾಸ್ಟ್, ಅದು ಎಲ್ಲ ಕಡೆ ನಿಲ್ಲುವುದಿಲ್ಲ. ನಿಮಗೆ ಎಸ್ ಸಾಕು. ಕೆಂಪು ಹಳದಿ ಪಟ್ಟೆ ಬಳಿದ ಕಡೆ ನಿಲ್ಲಬೇಡಿ, ಅದು ಫಸ್ಟ್ ಕ್ಲಾಸ್ ಡಬ್ಬಿ. ಸೀಟು ಜಾಸ್ತಿ ಏನೂ ಮೆತ್ತಗಿರಲ್ಲವಾದ್ದರಿಂದ ಹೊಸಬರಿಗೆ ಗೊತ್ತೇ ಆಗುವುದಿಲ್ಲ, ಟಿಸಿ ಬಂದು ದಂಡ ಹಾಕಿದಾಗಲೇ ಗೊತ್ತಾಗೋದು. ಬೆನ್ನಿನ ಬ್ಯಾಗು ಎದೆಗೆ ಹಾಕಿಕೊಳ್ಳಿ, ಮೊಬೈಲು ಶರ್ಟಿನ ಮೇಲಿನ ಜೇಬಲ್ಲಿ ಬೇಡ. ಬಾಗಿಲಲ್ಲಿ ನಿಂತು ವಿಡಿಯೋ ತೆಗೆಯುವ ಆಸೆಯನ್ನು ಅಲ್ಲೇ ಬಿಡಿ. ಗಾಡಿ ನಿಧಾನವಾದಾಗ ಪ್ಲಾಟ್‌ಫಾರ್ಮಿನಿಂದಲೇ ಕೈ ಬೀಸಿ ಫೋನ್ ಹಾರಿಸುವವರಿದ್ದಾರೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ನಿಮ್ಮ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮುಂಚೆಯೇ ಎದ್ದು ಬಾಗಿಲ ಕಡೆ ಸರಿಯಬೇಕು. ಮುಂದೆ ನಿಂತವರ ಭುಜ ಮುಟ್ಟಿ "ಭಾಯಖಳಾ ಉತರೋಗೇ?" ಅಂತ ಕೇಳಿ. ಹೌದು ಅಂದರೆ ಅವರ ಹಿಂದೆ ನಿಲ್ಲಿ, ಇಲ್ಲ ಅಂದರೆ ಅವರೇ ಜಾಗ ಬಿಡುತ್ತಾರೆ. ಯಾವ ಪಕ್ಕಕ್ಕೆ ಪ್ಲಾಟ್‌ಫಾರ್ಮ್ ಬರುತ್ತದೆ ಅಂತಲೂ ಅವರನ್ನೇ ಕೇಳಿಕೊಳ್ಳಿ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವರು ಬಂದು ನಿಂತು "ಥೋಡಾ ಸರಕೋ" (ಸ್ವಲ್ಪ ಸರಿಯಿರಿ) ಅಂತ ಹೇಳಿದರೆ ಸಿಟ್ಟು ಮಾಡಬೇಡಿ. ನಾಲ್ಕನೇ ಸೀಟು ಇಲ್ಲಿನ ಕಾನೂನು, ಬರೆದಿಟ್ಟಿಲ್ಲ ಅಷ್ಟೇ.

ಐದು ಜನರಿದ್ದೀರಿ, ಅದರಲ್ಲೂ ಮಗು, ವಯಸ್ಸಾದವರು. ಗಾಡಿ ನಿಲ್ಲುವುದು ಕೆಲವೇ ಸೆಕೆಂಡು. ಹಾಗಾಗಿ ಹೊರಡುವ ಮೊದಲೇ ಒಂದು ಮಾತು ಮಾಡಿಕೊಳ್ಳಿ: ಯಾರಾದರೂ ಪ್ಲಾಟ್‌ಫಾರ್ಮಿನಲ್ಲೇ ಉಳಿದರೆ ಗಾಡಿಯಲ್ಲಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಕಾಯಬೇಕು, ಉಳಿದವರು ಮುಂದಿನ ಸ್ಲೋ ಗಾಡಿ ಹಿಡಿದು ಬರಬೇಕು. ಯಾರೂ ಓಡುವ ಗಾಡಿಗೆ ಜಿಗಿಯಬಾರದು, ಯಾರೂ ವಾಪಸ್ ಹೋಗಬಾರದು. ಮಗಳ ಜೇಬಿನಲ್ಲಿ ಇಬ್ಬರ ಫೋನ್ ನಂಬರ್ ಬರೆದ ಚೀಟಿ ಇರಲಿ. ಅವ್ವ, ನಿಮ್ಮ ಮನೆಯವರು ಮತ್ತು ಮಗಳು ಲೇಡೀಸ್ ಡಬ್ಬಿ ಹತ್ತಿದರೆ ಅವರಿಗೆ ಆರಾಮ, ಆದರೆ ಇಳಿದ ಮೇಲೆ ಎಲ್ಲಿ ಸೇರುವುದು ಅಂತ ಮೊದಲೇ ಹೇಳಿಕೊಂಡಿರಿ. ಎಸಿ ಲೋಕಲ್ ಸಿಕ್ಕರೆ ಇನ್ನೂ ನಿಶ್ಚಿಂತೆ, ಬಾಗಿಲು ತಾನೇ ಮುಚ್ಚುತ್ತದೆ. ಅದಕ್ಕೆ ಬೇರೆ ಟಿಕೆಟ್, ಸಾಮಾನ್ಯ ಟಿಕೆಟ್ ನಡೆಯಲ್ಲ.

ಭಾಯಖಳಾದಲ್ಲಿ ಇಳಿದು ಈಸ್ಟ್ ಕಡೆ ಬಂದರೆ ರಾಣಿಬಾಗ್, ಅಂದರೆ ಜೀಜಾಮಾತಾ ಉದ್ಯಾನದ ಮೃಗಾಲಯ. ಮಗಳಿಗೆ ಪೆಂಗ್ವಿನ್ ಇದೆ. ನಿಮಗೆ ಒಂದು ಕಲ್ಲಾನೆ ಇದೆ. ಎಲಿಫೆಂಟಾ ದ್ವೀಪಕ್ಕೆ ಆ ಹೆಸರು ಬರಲು ಕಾರಣವಾದ ಆನೆ ಇದೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಒಡೆದು ಚೂರಾಯಿತು, ಆಮೇಲೆ ಚೂರು ಜೋಡಿಸಿ ಇಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಂ ಹತ್ತಿರ ನಿಲ್ಲಿಸಿದ್ದಾರೆ. ಎಲಿಫೆಂಟಾವನ್ನು ಮಂಗಳವಾರಕ್ಕೆ ಹಾಕಿದ್ದೇನೆ, ಅಂದು ದ್ವೀಪಕ್ಕೆ ಹೋದಾಗ ಆನೆ ಎಲ್ಲಿ ಅಂತ ಮಗಳು ಕೇಳುವ ಮೊದಲೇ ಉತ್ತರ ಸಿಕ್ಕಂತಾಯಿತು. ಸಂಜೆ ಆರಕ್ಕೆ ಮುಚ್ಚುತ್ತಾರೆ, ಬುಧವಾರ ರಜೆ.

ಅಲ್ಲಿಂದ ಉತ್ತರಕ್ಕೆ ಅದೇ ಸ್ಲೋ ಲೈನಿನಲ್ಲಿ ಚಿಂಚಪೋಕ್ಳಿ, ಕರ್ರಿ ರೋಡ್, ಪರೇಲ್, ದಾದರ್ ದಾಟಿ ಮಾಟುಂಗ. ಶನಿವಾರ ಆದ್ದರಿಂದ ಸಂಜೆಯ ನೂಕುನುಗ್ಗಲು ಸ್ವಲ್ಪ ಕಮ್ಮಿ, ಆದರೂ ಐದೂವರೆಯೊಳಗೆ ಹತ್ತಿಬಿಡಿ. ಮಾಟುಂಗದಲ್ಲಿ ಇಳಿದರೆ ನಿಮಗೆ ಊರು ಬಿಟ್ಟು ಬಂದಂತೆ ಅನ್ನಿಸುವುದಿಲ್ಲ. ಸ್ಟೇಷನ್ ಹೊರಗೇ ಮಲ್ಲಿಗೆ ದಂಡೆ, ಬಾಳೆಲೆ, ವೀಳ್ಯದೆಲೆ. ಅಲ್ಲೇ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ 1942ರಲ್ಲಿ ಎ. ರಾಮಾ ನಾಯಕ್ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಬಾಳೆಲೆ ಊಟ. ಮೊದಲು ಕೂಪನ್ ತಗೊಂಡು ಕಾಯಬೇಕು. ಮೆಟ್ಟಿಲು ಹತ್ತಬೇಕು, ಅವ್ವನವರನ್ನು ಕೇಳಿಕೊಂಡು ನಿರ್ಧರಿಸಿ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮದ್ರಾಸ್, ಅಲ್ಲಿ ರಸಂ ಇಡ್ಲಿ, ರಾಗಿ ದೋಸೆ. ಹೆಸರು ಮದ್ರಾಸ್, ನಡೆಸುವವರು ಕಾಮತರು. ರಾಮ್ ಆಶ್ರಯದಲ್ಲಿ ಅನಾನಸ್ ಶಿರಾ ತಿನ್ನದೆ ಬರಬೇಡಿ. ಜನ ಜಾಸ್ತಿ ಇದ್ದಾಗ ಗೊತ್ತಿಲ್ಲದವರ ಜೊತೆ ಒಂದೇ ಟೇಬಲ್ಲಿಗೆ ಕೂರಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ, ಆ ಕಡೆ ಕೂತವರೂ ಕುಂದಾಪುರದವರೇ ಇರಬಹುದು. ಮಾಟುಂಗದ ಹಳೇ ಹೋಟೆಲುಗಳಲ್ಲಿ ಕೆಲವಕ್ಕೆ ಸೋಮವಾರ ರಜೆ ಇರುವುದರಿಂದಲೂ ನಾನು ನಿಮ್ಮನ್ನು ಶನಿವಾರವೇ ಇಲ್ಲಿಗೆ ಕಳಿಸುತ್ತಿರುವುದು. 1926ರಿಂದ ನಡೆದು ಬಂದ ಮೈಸೂರು ಅಸೋಸಿಯೇಷನ್ ಕೂಡ ಇಲ್ಲೇ ಭಾವು ದಾಜಿ ರಸ್ತೆಯಲ್ಲಿದೆ. ವಾರದ ಕೊನೆಗೆ ನಾಟಕವೋ ಸಂಗೀತವೋ ಇದ್ದರೆ ಹೊಕ್ಕು ನೋಡಿ, ಯಾರೂ ನಿಮ್ಮನ್ನು ಯಾರು ಅಂತ ಕೇಳಲ್ಲ, ಕಾಫಿ ಆಯ್ತಾ ಅಂತ ಕೇಳಬಹುದು.

ಆದರೆ ನಾಲ್ಕೂ ದಿನ ಇಡ್ಲಿ ದೋಸೆಯನ್ನೇ ಹುಡುಕಿಕೊಂಡು ಹೋಗುವುದು ನನಗೆ ಇಷ್ಟವಾಗದ ವಿಷಯ. ಅದು ಹುಬ್ಬಳ್ಳಿಯಲ್ಲೂ ಸಿಗುತ್ತದೆ, ಅಲ್ವಾ? ದಾದರ್ ವೆಸ್ಟ್‌ನಲ್ಲಿ ಪ್ರಕಾಶ್, ಆಸ್ವಾದ್ ಅಂತ ಮರಾಠಿ ತಿಂಡಿಯ ಹೋಟೆಲುಗಳಿವೆ. ಸಾಬುದಾಣಿ ವಡೆ, ಥಾಲಿಪೀಠ, ಮಿಸಳ್, ಕುಡಿಯಲು ಪಿಯೂಷ್. ಅಪ್ಪನವರ ವಿಷಯದಲ್ಲಿ ಚಿಂತೆ ಬೇಡ. ಎಲ್ಲಿ ಹೋದರೂ "ಜೈನ್" ಅನ್ನಿ, ಅಷ್ಟೇ, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಕೊಡುತ್ತಾರೆ. ಗುಜರಾತಿ, ಮಾರವಾಡಿ ಗಿರಾಕಿಗಳ ಊರಿದು, ರಸ್ತೆಬದಿಯ ಗಾಡಿಯವನಿಗೂ ಅದು ಗೊತ್ತು. ಜೈನ್ ಪಾವ್ ಭಾಜಿಯಲ್ಲಿ ಆಲೂಗಡ್ಡೆ ಬದಲು ಬಾಳೆಕಾಯಿ ಹಾಕುತ್ತಾರೆ, ರುಚಿ ಪರವಾಗಿಲ್ಲ.

ಭಾನುವಾರ ಬೆಳಿಗ್ಗೆಯೇ ದಕ್ಷಿಣ ಮುಂಬೈ ನೋಡಬೇಕು. ಆಫೀಸು ಕೋರ್ಟು ಮುಚ್ಚಿರುವುದರಿಂದ ಫೋರ್ಟ್ ಪ್ರದೇಶ ಖಾಲಿ, ಫುಟ್‌ಪಾತಿನಲ್ಲಿ ನಿಂತು ತಲೆ ಎತ್ತಿ ಕಟ್ಟಡ ನೋಡಬಹುದು. ಆದರೆ ಭಾನುವಾರ ಲೋಕಲ್ ನಂಬಬೇಡಿ. ಹಳಿ ರಿಪೇರಿಗೆ ಅಂತ ಹಗಲು ಹೊತ್ತು ಮೆಗಾ ಬ್ಲಾಕ್ ಇರುತ್ತದೆ, ಶನಿವಾರದ ಪೇಪರಿನಲ್ಲಿ ವಿವರ ಬರುತ್ತದೆ. ಮೆಟ್ರೋ ಹಿಡಿಯಿರಿ. ದಾದರ್ ಮೆಟ್ರೋ ನಿಲ್ದಾಣ ರೈಲ್ವೆ ನಿಲ್ದಾಣಕ್ಕೆ ಅಂಟಿಕೊಂಡಿಲ್ಲ, ವೆಸ್ಟ್ ಕಡೆ ಸ್ವಲ್ಪ ದೂರ ಇದೆ, ಅವ್ವನವರಿಗೆ ಟ್ಯಾಕ್ಸಿ ಮಾಡಿ. ಒಳಗೆ ಹೋದರೆ ಲಿಫ್ಟು, ಎಸ್ಕಲೇಟರು, ಶೌಚಾಲಯ ಎಲ್ಲ ಇದೆ. ಮೊಣಕಾಲು ನೋವಿನವರಿಗೆ ಮುಂಬೈ ಇಷ್ಟು ಸುಲಭ ಯಾವತ್ತೂ ಇರಲಿಲ್ಲ.

ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಹಳೇ ಟರ್ಮಿನಸ್ ಕಟ್ಟಡ ನೋಡಿ. 2004ರಿಂದ ಅದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಟ್ಯಾಕ್ಸಿಯವರ ಹತ್ತಿರ ಅದರ ಹಳೇ ಹೆಸರು ವಿಟಿ (ವಿಕ್ಟೋರಿಯಾ ಟರ್ಮಿನಸ್) ಅಂದರೂ ಸಾಕು. ಆಮೇಲೆ ಓವಲ್ ಮೈದಾನಕ್ಕೆ ಬನ್ನಿ. ಇಲ್ಲಿ ನನಗೆ ತುಂಬಾ ಹಿಡಿಸುವ ಒಂದು ನೋಟವಿದೆ, ಹೆಚ್ಚಿನ ಪ್ರವಾಸಿಗರು ಗೇಟ್‌ವೇ ಆಫ್ ಇಂಡಿಯಾಗೆ ಓಡುವ ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತಾರೆ. ಮೈದಾನದ ನಡುವೆ ನಿಂತರೆ ಒಂದು ಪಕ್ಕ ಹೈಕೋರ್ಟು, ಯುನಿವರ್ಸಿಟಿ, ರಾಜಾಬಾಯಿ ಗಡಿಯಾರದ ಗೋಪುರ, ಎಲ್ಲ ಚೂಪು ಚೂಪು ಕಲ್ಲಿನ ಕೆಲಸ, 19ನೇ ಶತಮಾನದ್ದು. ತಿರುಗಿ ನಿಂತರೆ ಎದುರು ಸಾಲಿನಲ್ಲಿ 20ನೇ ಶತಮಾನದ ಆರ್ಟ್ ಡೆಕೋ ಮನೆಗಳು, ದುಂಡು ಬಾಲ್ಕನಿ, ತಿಳಿ ಬಣ್ಣ. ಎರಡು ಕಾಲ ಎದುರುಬದುರು, ನಡುವೆ ಭಾನುವಾರದ ಕ್ರಿಕೆಟ್, ಒಂದೇ ಮೈದಾನದಲ್ಲಿ ಹತ್ತಾರು ಮ್ಯಾಚು. ಯಾರ ಚೆಂಡು ಯಾರ ಆಟಕ್ಕೆ ಬಂತು ಅಂತ ಅವರಿಗೇ ಗೊತ್ತಿರುತ್ತದೆ. ಈ ಇಡೀ ಸಾಲು, ಮರೀನ್ ಡ್ರೈವ್ ಸೇರಿ, 2018ರಲ್ಲಿ ಪರಂಪರೆಯ ಪಟ್ಟಿಗೆ ಸೇರಿತು.

ಬಿಸಿಲು ಏರಿದಾಗ ಕಾಲಾ ಘೋಡಾ ಹತ್ತಿರದ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದೊಳಗೆ ಸೇರಿಕೊಳ್ಳಿ, ಎರಡು ಮೂರು ಗಂಟೆ ಆರಾಮಾಗಿ ಹೋಗುತ್ತದೆ. ಗೇಟ್‌ವೇ ಅಲ್ಲಿಂದ ನಡಿಗೆಯ ದೂರ, ಆದರೆ ಅದನ್ನು ಮಂಗಳವಾರ ಹೇಗೂ ನೋಡುತ್ತೀರಿ, ಭಾನುವಾರದ ಜಾತ್ರೆಯಲ್ಲಿ ಬೇಡ. ಐದು ಗಂಟೆಗೆ ಮರೀನ್ ಡ್ರೈವ್. ಅಲ್ಲೂ ಜನ ಇರುತ್ತಾರೆ, ಆದರೆ ಕಟ್ಟೆ ಉದ್ದವಿದೆ, ಎಲ್ಲರಿಗೂ ಸಮುದ್ರ ಸಿಗುತ್ತದೆ. ಕತ್ತಲಾದ ಮೇಲೆ ಆರು ಸೀಟಿನ ಆಪ್ ಕ್ಯಾಬ್ ಮಾಡಿ ಕೋಸ್ಟಲ್ ರೋಡ್ ಮೇಲೆ ವರ್ಲಿ ಕಡೆಯಿಂದ ದಾದರಿಗೆ ಬನ್ನಿ. ಗಿರಗಾಂವ್ ಚೌಪಾಟಿ ಹತ್ತಿರ ಸುಮಾರು 2 ಕಿ.ಮೀ. ಸುರಂಗ, ಮಲಬಾರ್ ಹಿಲ್ ಅಡಿಯಿಂದ ಹೋಗುತ್ತದೆ. ಹೊರಗೆ ಬಂದರೆ ಎಡಕ್ಕೆ ಸಮುದ್ರ. ಹಾಜಿ ಅಲಿಯನ್ನು ದೀಪ ಹಚ್ಚಿದ ಹೊತ್ತಿನಲ್ಲಿ ಕಾರಿನಿಂದಲೇ ನೋಡಬಹುದು. ಒಳಗೇ ಹೋಗಬೇಕು ಅಂದರೆ ಸಮುದ್ರದ ನಡುವಿನ ದಾರಿಯಲ್ಲಿ ಒಳ್ಳೆ ನಡಿಗೆ, ಭರತದ ಹೊತ್ತಿಗೆ ಆ ದಾರಿಯೇ ಮುಳುಗುತ್ತದೆ. ಅವ್ವನವರ ಕಾಲು ನೋಡಿ ಹೇಳುವುದಾದರೆ ನಾನು ಬಿಟ್ಟುಬಿಡಿ ಎನ್ನುತ್ತೇನೆ.

ಟ್ಯಾಕ್ಸಿಯ ಮಾತು ಬಂತು. ಕಾಲಿ ಪೀಲಿ, ಅಂದರೆ ಕಪ್ಪು ಹಳದಿ ಟ್ಯಾಕ್ಸಿಯಲ್ಲಿ ನಾಲ್ಕು ಜನ, ಆಟೋದಲ್ಲಿ ಮೂರು. ನೀವು ಐದು ಜನ. ಮಗು ಅಲ್ವಾ ಅಂತ ಒಪ್ಪಿಸಬಹುದು, ಒಪ್ಪದಿದ್ದರೆ ಜಗಳ ಬೇಡ. ಆಟೋ ಬಾಂದ್ರಾ ಮತ್ತು ಸಯನ್‌ನಿಂದ ದಕ್ಷಿಣಕ್ಕೆ ಬರುವಂತೆಯೇ ಇಲ್ಲ, ಆದ್ದರಿಂದ ದಾದರಿನಲ್ಲಿ ಆಟೋ ಹುಡುಕುತ್ತಾ ನಿಲ್ಲಬೇಡಿ. ಇಲ್ಲಿ ಮೀಟರ್ ಹಾಕುವುದು ರೂಢಿ. 2025ರ ಫೆಬ್ರವರಿಯಲ್ಲಿ ಏರಿಸಿದ ದರದಂತೆ ಮೊದಲ ಒಂದೂವರೆ ಕಿ.ಮೀ.ಗೆ ಆಟೋ 26, ಟ್ಯಾಕ್ಸಿ 31 ರೂಪಾಯಿ. ಚಿಲ್ಲರೆ ವಾಪಸ್ ಕೊಡುವವರೂ ಇದ್ದಾರೆ, ನಿಮಗೆ ಆಶ್ಚರ್ಯವಾಗಬಹುದು. ಮೀಟರ್ ಇಲ್ಲದೆ ರೇಟು ಹೇಳುವವರು ದೊಡ್ಡ ಸ್ಟೇಷನ್ ಬಾಗಿಲಲ್ಲೇ ನಿಂತು ನಿಮ್ಮ ಬ್ಯಾಗಿಗೆ ಕೈ ಹಾಕುತ್ತಾರೆ. ಅವರನ್ನು ದಾಟಿ ರಸ್ತೆಗೆ ಬನ್ನಿ, ಓಡುತ್ತಿರುವ ಟ್ಯಾಕ್ಸಿಗೆ ಕೈ ತೋರಿಸಿ. ಕರೆಯುವಾಗ "ಭೈಯ್ಯಾ"ಗಿಂತ "ದಾದಾ" (ಮರಾಠಿಯಲ್ಲಿ ಅಣ್ಣ) ಅನ್ನಿ, ಮರಾಠಿ ನಾಲ್ಕು ಮಾತು ನಿಮಗೆ ಬಂದೇ ಬರುತ್ತದೆ, ಬಳಸಿ. ಮುಖದ ಗಂಟು ಸಡಿಲವಾಗುತ್ತದೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಸಿದ್ಧಿವಿನಾಯಕ. ದಾದರಿನಿಂದ ಟ್ಯಾಕ್ಸಿಯೂ ಆಗುತ್ತದೆ, ಮೆಟ್ರೋದಲ್ಲಾದರೆ ಮುಂದಿನ ನಿಲ್ದಾಣವೇ. ವಯಸ್ಸಾದವರಿಗೆ ಬೇರೆ ಸಾಲಿದೆ, ಗೇಟಿನಲ್ಲಿ ಕೇಳಿ. ಅಂದು ಸಂಕಷ್ಟಿ ಬಿದ್ದಿದೆಯಾ ಅಂತ ಪಂಚಾಂಗ ನೋಡಿಕೊಳ್ಳಿ, ಬಿದ್ದಿದ್ದರೆ ಸೋಮವಾರವೂ ಮಂಗಳವಾರದ ಹಾಗೇ. ಮೈ ತುಂಬಾ ಬಟ್ಟೆ ಇರಲಿ, 2025ರಿಂದ ಅಲ್ಲಿ ಉಡುಪಿನ ನಿಯಮ ಮಾಡಿದ್ದಾರೆ.

ತಿಂಡಿ ಮುಗಿಸಿ ಸುಮ್ನೆ ಹನ್ನೊಂದರವರೆಗೆ ರೂಮಿನಲ್ಲಿರಿ. ಆಮೇಲೆ ವೆಸ್ಟರ್ನ್ ಲೈನಿನಲ್ಲಿ ಬಾಂದ್ರಾ. ಅಲ್ಲಿಂದ ಎರಡು ಆಟೋ ಮಾಡಿ ಮೌಂಟ್ ಮೇರಿ ಚರ್ಚು, ಬ್ಯಾಂಡ್‌ಸ್ಟ್ಯಾಂಡ್. ಸಿನಿಮಾದವರ ಮನೆ ನೋಡಬೇಕು ಅಂತ ಮಗಳು ಹಟ ಮಾಡಿದರೆ ತೋರಿಸಿ, ಕಾಣೋದು ಗೇಟು ಮತ್ತು ಗೇಟಿನ ಮುಂದೆ ಫೋಟೋ ತೆಗೆಸಿಕೊಳ್ಳುವವರು. ನಾಲ್ಕೂವರೆ ಹೊತ್ತಿಗೆ ಜುಹು. ಸೋಮವಾರ ಆದ್ದರಿಂದ ಕೂರಲು ಜಾಗ ಇರುತ್ತದೆ. ಸಮುದ್ರಕ್ಕೆ ಇಳಿಯಬೇಡಿ, ನೀರೂ ಚೆನ್ನಾಗಿಲ್ಲ. ಸೂರ್ಯ ಮುಳುಗಿದ ಮೇಲೆ ಆಟೋದಲ್ಲಿ ವಿಲೆ ಪಾರ್ಲೆ ಸ್ಟೇಷನ್ನಿಗೆ ಬಂದು ಚರ್ಚ್‌ಗೇಟ್ ಕಡೆಯ ಸ್ಲೋ ಗಾಡಿ ಹಿಡಿಯಿರಿ. ಎದುರು ಪ್ಲಾಟ್‌ಫಾರ್ಮಿಗೆ ಬರುವ ಗಾಡಿಯಲ್ಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಾರೆ, ನಿಮ್ಮ ಗಾಡಿಯಲ್ಲಿ ಐದೂ ಜನರಿಗೆ ಸೀಟು ಸಿಗಬಹುದು. ಎದುರು ದಿಕ್ಕು ಅಂತ ನಾನು ಮೊದಲೇ ಹೇಳಿದ್ದು ಇದನ್ನೇ.

ಮಂಗಳವಾರ ಎಲಿಫೆಂಟಾ. ಇಲ್ಲಿ ಮಾತ್ರ ನಾವು ಊರಿನ ಜೊತೆಗೇ ದಕ್ಷಿಣಕ್ಕೆ ಹೋಗಬೇಕು, ಆದ್ದರಿಂದ ಏಳಕ್ಕೇ ಹೊರಟುಬಿಡಿ. ರೂಮು ಖಾಲಿ ಮಾಡಿ ಬ್ಯಾಗು ಕೌಂಟರಿನಲ್ಲಿ ಕೊಡಿ. ಮೆಟ್ರೋದಲ್ಲಿ ಹುತಾತ್ಮಾ ಚೌಕ್, ಅಲ್ಲೇ ಫೋರ್ಟ್‌ನಲ್ಲಿ ತಿಂಡಿ, ಟ್ಯಾಕ್ಸಿಯಲ್ಲಿ ಗೇಟ್‌ವೇ. ದೋಣಿಗಳು ಒಂಬತ್ತರ ಸುಮಾರಿಗೆ ಶುರು. ಟಿಕೆಟ್ ಕೌಂಟರಿನಲ್ಲೇ ತಗೊಳ್ಳಿ, ಕೈಹಿಡಿದು ಎಳೆಯುವವರ ಹತ್ತಿರ ಬೇಡ. ದೋಣಿ ಮೆಟ್ಟಿಲ ಪಕ್ಕ ಅಲುಗುತ್ತಿರುತ್ತದೆ. ಕೆಲವು ಸಲ ಒಂದು ದೋಣಿ ದಾಟಿ ಇನ್ನೊಂದಕ್ಕೆ ಕಾಲಿಡಬೇಕಾಗುತ್ತದೆ. ಎರಡೂ ದೋಣಿ ಒಂದೇ ಮಟ್ಟಕ್ಕೆ ಬಂದಾಗ ದಾಟಬೇಕು. ದೋಣಿಯ ಹುಡುಗರು ಕೈ ಕೊಡುತ್ತಾರೆ, ಅವ್ವನವರಿಗೆ ಇದು ಆಗುತ್ತದಾ ಅಂತ ಅಲ್ಲಿ ನಿಂತು ನೋಡಿಯೇ ನಿರ್ಧರಿಸಿ. ಆಗಲ್ಲ ಅಂದರೆ ಒಬ್ಬರು ಅವರ ಜೊತೆ ಉಳಿದು ಕೊಲಾಬಾ ಸುತ್ತಬಹುದು. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಪಕ್ಕದವರು ಹಾಕದಿದ್ದರೂ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದು ಸಾವುಗಳಾಗಿದ್ದವು.

ಹೆಚ್ಚು ಕಡಿಮೆ ಒಂದು ಗಂಟೆ ಪ್ರಯಾಣ. ಜೆಟ್ಟಿಯಿಂದ ಪುಟಾಣಿ ರೈಲು, ಆಮೇಲೆ ಸುಮಾರು 120 ಮೆಟ್ಟಿಲು. ಡೋಲಿ ಸಿಗುತ್ತದೆ, ಹೋಗಿ ಬರುವುದಕ್ಕೆ ಒಟ್ಟು ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದರೆ ಮಂಗ ನಿಮಗಿಂತ ಮೊದಲು ತಿನ್ನುತ್ತದೆ. ಗುಹೆಯೊಳಗೆ ಮೂರು ಮುಖದ ಸದಾಶಿವನ ಎದುರು ಅವಸರ ಮಾಡಬೇಡಿ. ಹೊರಗಿನ ಬೆಳಕಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ನಡುವಿನ ಮುಖ ಮಾತ್ರ ಕಾಣುತ್ತದೆ, ಸ್ವಲ್ಪ ಹೊತ್ತು ನಿಂತರೆ ಪಕ್ಕದ ಎರಡೂ ಮುಖ ತಾವೇ ಎದ್ದು ಬರುತ್ತವೆ. ನಮ್ಮ ಕಡೆಯವರಿಗೆ ಇನ್ನೊಂದು ಎಳೆ ಇದೆ: ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹಡಗುಗಳಿಂದ ಮುತ್ತಿಗೆ ಹಾಕಿದ "ಪುರಿ" ಈ ಘಾರಾಪುರಿಯೇ (ಎಲಿಫೆಂಟಾ ದ್ವೀಪದ ಇಲ್ಲಿನ ಹೆಸರು) ಅಂತ ಹೇಳುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಇಂಥದರಲ್ಲಿ ಆಸಕ್ತಿ ಜಾಸ್ತಿ ಇದ್ದರೆ ಬೋರಿವಲಿ ಕಾಡಿನೊಳಗಿನ ಕಾನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೇ ಶತಮಾನದ ಶಾಸನಗಳಿವೆ. ಆದರೆ ಅಲ್ಲಿ ಹತ್ತುವುದು ಇನ್ನೂ ಜಾಸ್ತಿ, ಅಲ್ಲೂ ಸೋಮವಾರ ರಜೆ, ಈ ಸಲಕ್ಕೆ ಬೇಡ.

ಎರಡರೊಳಗೆ ವಾಪಸ್ ದೋಣಿ ಹತ್ತಿ, ನಾಲ್ಕೂವರೆಗೆ ದಾದರಿನಲ್ಲಿರಿ. ಮಂಗಳವಾರ ಸಂಜೆ ಆರಕ್ಕೆ ಬ್ಯಾಗು ಹಿಡಿದು ದಾದರ್ ಸೇತುವೆ ಹತ್ತುವ ಕೆಲಸ ಯಾರಿಗೂ ಬೇಡ. ರಾತ್ರಿ ಊಟ ಮುಗಿಸಿ ಎಂಟೂವರೆಯ ಮೇಲೆ ಈಸ್ಟ್ ಕಡೆಯಿಂದಲೇ ಒಳಗೆ ಬನ್ನಿ. ದಾದರಿನಲ್ಲಿ 2023ರ ಡಿಸೆಂಬರ್‌ನಿಂದ ಪ್ಲಾಟ್‌ಫಾರ್ಮ್ ನಂಬರ್ ಬದಲಾಗಿದೆ, 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್. ಹಿಂದೆ ಬಂದುಹೋದ ನೆಂಟರು ಹೇಳುವ ನಂಬರ್ ನಂಬಬೇಡಿ, ಬೋರ್ಡ್ ನೋಡಿ.

ಮುಂಬೈ ದರ್ಶನ ಬಸ್ಸುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೋಟೆಲಿನವರು ಕೇಳುತ್ತಾರೆ. ಹೆಚ್ಚಿನ ಜಾಗ ಕಿಟಕಿಯಿಂದ ತೋರಿಸುತ್ತಾರೆ, ಉಳಿದ ಹೊತ್ತು ಟ್ರಾಫಿಕ್ಕಿನಲ್ಲಿ ಕೂರಿಸುತ್ತಾರೆ. ಬೇಡ. ಮುಂದೆ ಯಾವಾಗಲಾದರೂ ವಿಮಾನದಲ್ಲಿ ಬರುವುದಾದರೆ ಟಿಕೆಟ್ಟಿನಲ್ಲಿ ಮುಂಬೈಯೋ ನವಿ ಮುಂಬೈಯೋ ನೋಡಿ ಬುಕ್ ಮಾಡಿ. 2025ರ ಡಿಸೆಂಬರ್‌ನಿಂದ ನವಿ ಮುಂಬೈಯ ಹೊಸ ನಿಲ್ದಾಣವೂ ಓಡುತ್ತಿದೆ, ಎರಡರ ನಡುವೆ ಒಳ್ಳೆ ದೂರ ಇದೆ.

ಇನ್ನು ಕಾರು. ತರಬೇಡಿ. ಮುಂಬೈ ಪ್ರವೇಶದ ಐದು ನಾಕಾಗಳಲ್ಲಿ 2024ರ ಅಕ್ಟೋಬರ್‌ನಿಂದ ಸಣ್ಣ ವಾಹನಗಳಿಗೆ ಟೋಲ್ ಇಲ್ಲ ನಿಜ, ಆದರೆ ನಿಲ್ಲಿಸುವುದೆಲ್ಲಿ? ದಾದರ್, ಮಾಟುಂಗದ ಹೋಟೆಲುಗಳಲ್ಲಿ ಪಾರ್ಕಿಂಗ್ ಇದೆ ಅಂದರೆ ಹೊರಗೆ ರಸ್ತೆ ಇದೆ ಅಂತ ತಿಳಿಯಿರಿ. ರೈಲಿನ ಟಿಕೆಟ್ ಕನ್ಫರ್ಮ್ ಆಗದಿದ್ದರೆ ತಾರೀಖು ಬದಲಿಸಿ, ವಾರ ಮಾತ್ರ ಬದಲಿಸಬೇಡಿ.